ಕೆಸರಿನಲ್ಲಿ ಸಿಕ್ಕ ಮೈನ್, ಹಡಗಿಗೆ ಸುತ್ತಿದ ಕೇಬಲ್: 1939ರ ಡಿಗಾಸಿಂಗ್ ಪ್ರಕರಣ

ಎರಡನೇ ಮಹಾಯುದ್ಧ ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಬ್ರಿಟನ್ನಿನ ಪೂರ್ವ ಕರಾವಳಿಯಲ್ಲಿ ಜರ್ಮನಿಯ ಮೈನ್‌ಗಳಿಗೆ, ಅಂದರೆ ನೀರಿನಲ್ಲಿ ಅಡಗಿಸಿಟ್ಟ ಬಾಂಬುಗಳಿಗೆ, ಸಿಕ್ಕಿ ಹಡಗುಗಳು ಒಂದರ ಹಿಂದೆ ಒಂದು ಒಡೆಯತೊಡಗಿದವು. 1939ರ ನವೆಂಬರ್ 13ರಂದು ಥೇಮ್ಸ್ ನದಿಯ ಮುಖದಲ್ಲಿ ಬ್ಲಾಂಚ್ ಎಂಬ ಡಿಸ್ಟ್ರಾಯರ್ ಮುಳುಗಿತು. 18ರಂದು ಸಿಮೊನ್ ಬೊಲಿವಾರ್ ಎಂಬ ಡಚ್ ಪ್ರಯಾಣಿಕರ ಹಡಗು ಹೋಯಿತು. 21ರಂದು ಒಂದೇ ದಿನ ಮೂರು ಪೆಟ್ಟು: ಹಾರ್ವಿಚ್ ಬಳಿ ಜಿಪ್ಸಿ ಡಿಸ್ಟ್ರಾಯರ್, ಜಪಾನಿನ ತೆರುಕುನಿ ಮಾರು, ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿ ಹೊಚ್ಚ ಹೊಸ ಕ್ರೂಸರ್ ಬೆಲ್‌ಫಾಸ್ಟ್.

ಬೆಲ್‌ಫಾಸ್ಟ್ ಮುಳುಗಲಿಲ್ಲ. ಆದರೆ ಅದಕ್ಕೆ ಬಿದ್ದ ಏಟು ವಿಚಿತ್ರವಾಗಿತ್ತು. ಪಕ್ಕದಲ್ಲಿ ದೊಡ್ಡ ತೂತು ಇರಲಿಲ್ಲ. ಬೆನ್ನುಮೂಳೆಯೇ ಮುರಿದಿತ್ತು. ಸ್ಫೋಟ ಪಕ್ಕದಲ್ಲಿ ಆಗಿರಲಿಲ್ಲ, ಕೆಳಗೆ ಆಗಿತ್ತು. ಅದು ಮತ್ತೆ ಯುದ್ಧಕ್ಕೆ ಮರಳಿದ್ದು 1942ರ ಕೊನೆಗೆ.

ಇನ್ನೂ ಕಳವಳದ ಸಂಗತಿ ಬೇರೆ ಇತ್ತು. ಇವುಗಳಲ್ಲಿ ಹಲವು ಹಡಗುಗಳು ಮುಳುಗಿದ್ದು ಆಗಲೇ ಗುಡಿಸಿ ಸ್ವಚ್ಛ ಎಂದು ಘೋಷಿಸಿದ ದಾರಿಯಲ್ಲಿ. ಲಂಡನ್ ಬಂದರಿಗೆ ಹೋಗಿಬರುವ ದಾರಿಗಳು ಒಂದೊಂದಾಗಿ ಮುಚ್ಚುವ ಸ್ಥಿತಿ ಬಂತು. ಆಹಾರ, ಕಲ್ಲಿದ್ದಲು ಎಲ್ಲವೂ ಸಮುದ್ರದ ಮೇಲೆ ಬರುವ ದ್ವೀಪ ಅದು. ಹೊಡೆತ ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಗೊತ್ತಿದ್ದದ್ದು, ಗೊತ್ತಿಲ್ಲದ್ದು

ಆವರೆಗಿನ ಮೈನ್ ಅಂದರೆ ಕೊಂಬುಗಳಿರುವ ಉಕ್ಕಿನ ಗುಂಡು. ಸಮುದ್ರತಳದ ಭಾರಕ್ಕೆ ಕಟ್ಟಿದ ತಂತಿಯ ತುದಿಯಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ತೇಲುತ್ತಿರುತ್ತದೆ. ಹಡಗು ಬಂದು ತಾಗಿದರೆ ಸಿಡಿಯುತ್ತದೆ. ಇದನ್ನು ತೆಗೆಯುವುದು ಅಪಾಯದ ಕೆಲಸ, ಆದರೆ ರೀತಿ ಸರಳ. ಮೈನ್ ಗುಡಿಸುವ ಹಡಗು ಹಲ್ಲಿನ ಕೇಬಲ್ ಎಳೆದುಕೊಂಡು ಹೋಗುತ್ತದೆ, ಕಟ್ಟಿದ ತಂತಿ ಕತ್ತರಿಸುತ್ತದೆ, ಗುಂಡು ಮೇಲೆ ಬರುತ್ತದೆ, ಬಂದೂಕಿನಿಂದ ಹೊಡೆದು ಮುಗಿಸುತ್ತಾರೆ.

ಈಗಿನ ಮೈನ್‌ಗೆ ತಂತಿಯೇ ಇರಲಿಲ್ಲ. ಅದು ಸಮುದ್ರದ ತಳದಲ್ಲಿ ಸುಮ್ನೆ ಮಲಗಿರುತ್ತಿತ್ತು. ಕತ್ತರಿಸಲು ಏನೂ ಇಲ್ಲ. ತಾಗದೆಯೇ ಸಿಡಿಯುತ್ತದೆ ಅಂದರೆ ಹಡಗಿನ ಯಾವುದೋ ಗುಣವನ್ನು ದೂರದಿಂದ ಗುರುತಿಸುತ್ತಿದೆ ಎಂದರ್ಥ. ಕಾಂತತ್ವದ ಮೇಲೆ ಅನುಮಾನ ಬೇಗನೇ ಬಿತ್ತು. ಬೀಳಲೇಬೇಕಿತ್ತು, ಏಕೆಂದರೆ 1918ರಲ್ಲಿ ಬ್ರಿಟಿಷರೇ ಫ್ಲ್ಯಾಂಡರ್ಸ್ ಕರಾವಳಿಯ ಬಳಿ ಇಂಥ ಕಾಂತ ಮೈನ್‌ಗಳನ್ನು ಹಾಕಿದ್ದರು.

ಆದರೆ ತತ್ವ ಗೊತ್ತಿದ್ದರೆ ಸಾಲದು. ಕಾಂತ ಮೈನ್ ಅನ್ನು ಹಲವು ಬಗೆಯಲ್ಲಿ ಮಾಡಬಹುದು. ಕ್ಷೇತ್ರ ಎಷ್ಟಿದೆ ಎಂದು ನೋಡುವ ಮೈನ್ ಒಂದು. ಕ್ಷೇತ್ರ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ನೋಡುವ ಮೈನ್ ಇನ್ನೊಂದು. ಮೇಲೆ-ಕೆಳಗಿನ ದಿಕ್ಕಿನ ಕ್ಷೇತ್ರವೋ, ಅಡ್ಡ ದಿಕ್ಕಿನದೋ? ಉತ್ತರ ಧ್ರುವ ಕೆಳಗಿರುವ ಹಡಗಿಗೆ ಸಿಡಿಯುತ್ತದೋ, ದಕ್ಷಿಣ ಧ್ರುವಕ್ಕೋ? ಎಷ್ಟು ಬದಲಾವಣೆಗೆ? ಇವಿಷ್ಟೂ ಗೊತ್ತಾಗದೆ ಹಡಗಿನ ಕಾಂತತ್ವ ಇಳಿಸಲು (ಡಿಗಾಸಿಂಗ್ ಅಂದರೆ ಇದೇ) ಹೊರಟರೆ ಕೆಲಸ ಉಲ್ಟಾ ಹೊಡೆಯಬಹುದು. ತಪ್ಪು ದಿಕ್ಕಿಗೆ ಕರೆಂಟು ಹರಿಸಿದರೆ ಹಡಗು ಮೊದಲಿಗಿಂತ ದೊಡ್ಡ ಅಯಸ್ಕಾಂತ ಆಗುತ್ತದೆ. ಮೈನ್‌ಗೆ ನಾವೇ ಕೂಗಿ ಕರೆದ ಹಾಗೆ.

ಹಾಗಾಗಿ ಬೇಕಾಗಿದ್ದದ್ದು ಒಂದೇ. ಸಿಡಿಯದ, ಇಡಿಯಾದ ಒಂದು ಮೈನ್.

ಷೂಬರಿನೆಸ್

ನವೆಂಬರ್ 22ರ ರಾತ್ರಿ ಜರ್ಮನಿಯ ವಿಮಾನವೊಂದು ಥೇಮ್ಸ್ ಮುಖದ ಮೇಲೆ ಹಾರಿತು. ಪ್ಯಾರಾಶೂಟ್‌ಗೆ ಕಟ್ಟಿದ ಏನೋ ಒಂದು ಕೆಳಗಿಳಿದದ್ದು ಕಾವಲಿನವರ ಕಣ್ಣಿಗೆ ಬಿತ್ತು. ಅದು ಆಳ ನೀರಿಗೆ ಬೀಳಬೇಕಿತ್ತು. ಬಿದ್ದದ್ದು ಷೂಬರಿನೆಸ್ ಬಳಿಯ ಕೆಸರು ಬಯಲಿನಲ್ಲಿ. ಇಳಿತದ ವೇಳೆ ಅಲ್ಲಿ ನೀರು ಪೂರ್ತಿ ಸರಿದು ನೆಲ ಬರಿದಾಗುತ್ತದೆ.

ಪೋರ್ಟ್ಸ್‌ಮತ್‌ನಲ್ಲಿ ವರ್ನನ್ ಎಂಬ ನೌಕಾಪಡೆಯ ನೆಲೆ ಇತ್ತು. ಮೈನ್, ಟಾರ್ಪಿಡೊ ಕೆಲಸವೆಲ್ಲ ಅಲ್ಲೇ. ಅಲ್ಲಿನ ಜಾನ್ ಓವ್ರಿ ಮತ್ತು ರೋಜರ್ ಲೂಯಿಸ್ ಎಂಬ ಇಬ್ಬರು ಅಧಿಕಾರಿಗಳಿಗೆ ಕರೆ ಹೋಯಿತು. ನೌಕಾ ಖಾತೆ ಆಗ ವಿನ್‌ಸ್ಟನ್ ಚರ್ಚಿಲ್ ಕೈಯಲ್ಲಿತ್ತು. ಅಂತೂ ಬೆಳಗಾಗುವ ಮುನ್ನ, ನೀರು ಇಳಿದಿದ್ದಾಗ, ಟಾರ್ಚ್ ಬೆಳಕಿನಲ್ಲಿ ಅವರು ಅದನ್ನು ನೋಡಿದರು. ಕಪ್ಪಗಿನ ಉದ್ದ ಉರುಳೆ, ಅರ್ಧ ಕೆಸರಿನಲ್ಲಿ ಹೂತಿದೆ.

ಆ ರಾತ್ರಿ ಅದನ್ನು ಬಿಚ್ಚಲಿಲ್ಲ. ಉಬ್ಬರ ಬರುವ ಹೊತ್ತು ಹತ್ತಿರವಾಗಿತ್ತು. ಮೈನ್ ಕೊಚ್ಚಿಹೋಗದಂತೆ ಹಗ್ಗದಿಂದ ಬಿಗಿದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು, ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾಗುವ ಕೆಲಸ ಇದೇ. ಮೈನ್ ಮೇಲಿದ್ದ ಮುಚ್ಚಳಗಳ ಮೇಲೆ ಕಾಗದ ಇಟ್ಟು ಅಚ್ಚು ತೆಗೆದರು. ತಿರುಪಿನ ಆಕಾರ, ತೂತುಗಳ ಅಂತರ ಎಲ್ಲವೂ ಕಾಗದದಲ್ಲಿ ಬಂತು. ಆ ಅಚ್ಚಿನ ಅಳತೆಗೆ ಹತ್ತಿರದ ವರ್ಕ್‌ಶಾಪ್‌ನಲ್ಲಿ ಹಿತ್ತಾಳೆಯ ಸ್ಪ್ಯಾನರ್ ಮಾಡಿಸಿದರು. ಹಿತ್ತಾಳೆಯೇ ಏಕೆ? ಕಾಂತ ಮೈನ್ ಇರಬಹುದು ಎಂಬ ಅನುಮಾನ ಇರುವಾಗ ಉಕ್ಕಿನ ಸ್ಪ್ಯಾನರ್ ಹಿಡಿದು ಹತ್ತಿರ ಹೋಗುವವರಾರು!

ಮರುದಿನ, ನವೆಂಬರ್ 23ರ ಮಧ್ಯಾಹ್ನ, ನೀರು ಮತ್ತೆ ಇಳಿದಾಗ ಓವ್ರಿ ಮತ್ತು ಬಾಲ್ಡ್ವಿನ್ ಎಂಬ ಪೆಟ್ಟಿ ಆಫೀಸರ್ ಮೈನ್ ಬಳಿ ಹೋದರು. ಮೈಮೇಲೆ, ಜೇಬಿನಲ್ಲಿ ಇದ್ದ ಲೋಹವನ್ನೆಲ್ಲ ತೆಗೆದಿಟ್ಟಿದ್ದರು. ಲೂಯಿಸ್ ಮತ್ತು ವರ್ನ್‌ಕೊಂಬ್ ಎಂಬ ನಾವಿಕ ದೂರದಲ್ಲಿ ನಿಂತರು. ಮುಂದಿನ ಪ್ರತಿ ಹೆಜ್ಜೆಯನ್ನೂ ಓವ್ರಿ ಮೊದಲೇ ದೂರದವರಿಗೆ ತಿಳಿಸುತ್ತಿದ್ದರು. ಅದು ಸಿಡಿದರೆ ಯಾವ ಹೆಜ್ಜೆಗೆ ಸಿಡಿಯಿತು ಎಂದಾದರೂ ಉಳಿದವರಿಗೆ ಗೊತ್ತಿರಬೇಕು, ಮುಂದಿನ ಮೈನ್ ಬಿಚ್ಚುವವರು ಅಲ್ಲಿಂದ ಮುಂದುವರಿಯಬಹುದು ಎಂಬ ಲೆಕ್ಕ. ಒಂದು ಕಡೆಯ ಫ್ಯೂಸ್ ತೆಗೆದರು, ಡಿಟೋನೇಟರ್ ತೆಗೆದರು. ಆಮೇಲೆ ಮೈನ್ ಉರುಳಿಸಿ ಅಡಿಯಲ್ಲಿದ್ದ ಭಾಗವನ್ನೂ ಬಿಚ್ಚಿದರು. ಮೈನ್ ಸತ್ತಿತು.

ಅದನ್ನು ವರ್ನನ್‌ಗೆ ಸಾಗಿಸಿದರು. ಅಲ್ಲಿ ಆಲ್ಬರ್ಟ್ ವುಡ್ ಎಂಬ ಭೌತವಿಜ್ಞಾನಿಯ ತಂಡ ಒಳಗಿನ ಯಂತ್ರ ಬಿಚ್ಚಿ ನೋಡಿತು. ಉತ್ತರ ಸಿಕ್ಕಿದ್ದು ವಾರಗಳಲ್ಲಿ ಅಲ್ಲ, ಗಂಟೆಗಳ ಲೆಕ್ಕದಲ್ಲಿ. ಡಿಸೆಂಬರ್ 19ರಂದು ದೊರೆ ಆರನೇ ಜಾರ್ಜ್ ವರ್ನನ್‌ಗೇ ಬಂದು ಈ ನಾಲ್ವರಿಗೂ ಪದಕ ಕೊಟ್ಟರು.

ಒಳಗಿದ್ದ ಸೂಜಿ

ಮೈನ್ ಒಳಗೆ ಇದ್ದದ್ದು ದಿಕ್ಸೂಚಿಯಂಥದ್ದೇ ಒಂದು ಸೂಜಿ. ಆದರೆ ಅಡ್ಡಡ್ಡ ತಿರುಗುವುದಲ್ಲ, ಮೇಲೆ ಕೆಳಗೆ ವಾಲುವುದು. ಭೂಮಿಯ ಕಾಂತಕ್ಷೇತ್ರ ಉತ್ತರ ಗೋಳಾರ್ಧದಲ್ಲಿ ನೆಲದೊಳಕ್ಕೆ ಇಳಿಯುತ್ತದೆ. ಉಕ್ಕಿನ ಹಡಗು ಆ ಕ್ಷೇತ್ರದ ರೇಖೆಗಳನ್ನು ತನ್ನೊಳಕ್ಕೆ ಸೆಳೆದು ಒಟ್ಟುಗೂಡಿಸುತ್ತದೆ. ಅದರಿಂದ ಹಡಗಿನ ತಳ ಉತ್ತರ ಧ್ರುವದಂತೆ ವರ್ತಿಸುತ್ತದೆ, ಹಡಗಿನ ಕೆಳಗೆ ಕ್ಷೇತ್ರ ಸ್ವಲ್ಪ ಜಾಸ್ತಿಯಾಗುತ್ತದೆ. ಆ ಹೆಚ್ಚಳಕ್ಕೆ ಸೂಜಿ ವಾಲುತ್ತದೆ, ಸರ್ಕ್ಯೂಟು ಕೂಡುತ್ತದೆ, ಸ್ಫೋಟ.

ಇಲ್ಲಿಗೆ ಮೂರು ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ಮೈನ್ ನೋಡುವುದು ಮೇಲೆ-ಕೆಳಗಿನ ಕ್ಷೇತ್ರವನ್ನು. ಅದರ ಹೆಚ್ಚಳವನ್ನು ಮಾತ್ರ. ಮತ್ತು ಬದಲಾವಣೆಯ ವೇಗವನ್ನಲ್ಲ, ಪ್ರಮಾಣವನ್ನು.

ಹಡಗಿನ ಕಾಂತತ್ವ ಎರಡು ಬಗೆಯದು ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂದು, ಭೂಮಿಯ ಕ್ಷೇತ್ರ ಆಗಿಂದಾಗ್ಗೆ ಹುಟ್ಟಿಸುವುದು. ಹಡಗು ತಿರುಗಿದರೆ, ಅಕ್ಷಾಂಶ ಬದಲಾದರೆ ಇದೂ ಬದಲಾಗುತ್ತದೆ. ಸಮಭಾಜಕ ದಾಟಿ ದಕ್ಷಿಣಕ್ಕೆ ಹೋದರೆ ಮೇಲೆ-ಕೆಳಗಿನ ಭಾಗ ತಲೆಕೆಳಗಾಗುತ್ತದೆ. ಇನ್ನೊಂದು, ಉಕ್ಕು ಹಿಡಿದಿಟ್ಟುಕೊಂಡದ್ದು. ಹಡಗು ಕಟ್ಟುವಾಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಆ ಹೊತ್ತಿಗೆ ಅದರ ಮೇಲೆ ರಿವೆಟ್ ಹೊಡೆಯುತ್ತಾರೆ, ಬೆಸುಗೆ ಹಾಕುತ್ತಾರೆ. ಪೆಟ್ಟು ಬಿದ್ದಾಗ, ಬಿಸಿಯಾಗಿ ತಣಿದಾಗ ಉಕ್ಕಿನೊಳಗಿನ ಪುಟ್ಟ ಪುಟ್ಟ ಕಾಂತ ವಲಯಗಳು ಸಡಿಲವಾಗಿ ಭೂಮಿಯ ಕ್ಷೇತ್ರದ ಕಡೆಗೆ ಸಾಲುಗೂಡುತ್ತವೆ. ಮುಂದೆ ಹಡಗು ಎಲ್ಲಿಗೇ ಹೋದರೂ ಆ ಗುರುತು ಜೊತೆಯಲ್ಲೇ ಇರುತ್ತದೆ. ಒಂದೇ ನಕ್ಷೆಯ ಎರಡು ಹಡಗುಗಳನ್ನು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕಟ್ಟಿದರೆ ಎರಡರ ಕಾಂತತ್ವವೂ ಬೇರೆ. ಹೀಗಾಗಿ ಎಲ್ಲ ಹಡಗಿಗೂ ಒಂದೇ ಔಷಧಿ ನಡೆಯುವುದಿಲ್ಲ. ಪ್ರತಿಯೊಂದನ್ನೂ ಅಳೆದೇ ತೀರಬೇಕು.

ಕೇಬಲ್ ಸುತ್ತುವುದು

ಚಾರ್ಲ್ಸ್ ಗುಡೀವ್ ಕೆನಡಾದಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ನೌಕಾ ಮೀಸಲುಪಡೆಯಲ್ಲೂ ಇದ್ದರು. ಕೇಂಬ್ರಿಡ್ಜಿನ ಎಡ್ವರ್ಡ್ ಬುಲ್ಲಾರ್ಡ್ ಭೂಭೌತವಿಜ್ಞಾನಿ. ಹಡಗಿನ ಕಾಂತತ್ವ ಮೈನ್‌ಗೆ ಕಾಣದಂತೆ ಮಾಡುವ ಕೆಲಸಕ್ಕೆ ‘ಡಿಗಾಸಿಂಗ್’ ಎಂದು ಹೆಸರಿಟ್ಟವರು ಗುಡೀವ್. ಬುಲ್ಲಾರ್ಡ್ ಮುಂದೆ ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಹೇಗೆ ಎಂಬ ಪ್ರಶ್ನೆಯ ಮೇಲೆಯೇ ದೊಡ್ಡ ಹೆಸರು ಮಾಡಿದರು. ಹಡಗು ಉಳಿಸುವ ಕೆಲಸಕ್ಕೆ ಹಡಗು ಎಂಜಿನಿಯರ್‌ಗಳ ಜೊತೆ ಇಂಥವರನ್ನೂ ಕೂರಿಸಿದ್ದು ಆ ಕಾಲದ ಜಾಣ್ಮೆ.

ಮೊದಲ ಉಪಾಯ ಶಾಲೆಯ ಭೌತವಿಜ್ಞಾನದ್ದೇ. ಹಡಗಿನ ಸುತ್ತ ನೀರಿನ ಮಟ್ಟಕ್ಕೆ ಸಮಾನಾಂತರವಾಗಿ ಕೇಬಲ್ ಸುತ್ತಿ ಡಿಸಿ ಕರೆಂಟು ಹರಿಸಿದರೆ ಹಡಗಿನೊಳಗೆ ಮೇಲೆ-ಕೆಳಗಿನ ದಿಕ್ಕಿನ ಕ್ಷೇತ್ರ ಹುಟ್ಟುತ್ತದೆ. ಕರೆಂಟಿನ ದಿಕ್ಕು ಸರಿಯಾಗಿ ಆರಿಸಿದರೆ ಅದು ಹಡಗಿನ ಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ. ಎರಡೂ ಸೇರಿ ಹಡಗಿನ ಕೆಳಗೆ ಉಳಿಯುವುದು ಭೂಮಿಯ ಮಾಮೂಲಿ ಕ್ಷೇತ್ರ ಮಾತ್ರ. ಸೂಜಿ ಅಲುಗಾಡುವುದಿಲ್ಲ.

ಲೆಕ್ಕ ನೋಡಿ. ಬಲ ನಿರ್ಧಾರವಾಗುವುದು ಕರೆಂಟು ಗುಣಿಸು ಸುತ್ತುಗಳ ಸಂಖ್ಯೆಯಿಂದ. 500 ಆಂಪಿಯರ್ ಅನ್ನು ಒಂದೇ ಸುತ್ತಿನಲ್ಲಿ ಹರಿಸಬಹುದು, ಅಥವಾ 10 ಆಂಪಿಯರ್ ಅನ್ನು 50 ಸುತ್ತಿನಲ್ಲಿ. ಫಲ ಒಂದೇ. ಒಂದು ಸುತ್ತಾದರೆ ಭಾರಿ ದಪ್ಪ ಕೇಬಲ್, ಭಾರಿ ಜನರೇಟರ್ ಬೇಕು. 50 ಸುತ್ತಾದರೆ ಉದ್ದ ಹೆಚ್ಚುತ್ತದೆ. ಇನ್ನೂರು ಮೀಟರಿನ ಹಡಗಿನ ಸುತ್ತ ಒಂದು ಸುತ್ತು ಬರಲು ನಾನ್ನೂರು ಮೀಟರಿಗೂ ಜಾಸ್ತಿ ಬೇಕು. 50 ಸುತ್ತಿಗೆ 20 ಕಿಲೋಮೀಟರು! ಯಾವ ರೀತಿ ಆರಿಸಿದರೂ ತಾಮ್ರದ ಖರ್ಚು ತಪ್ಪಿದ್ದಲ್ಲ.

ಆಮೇಲೆ ಇಂಥ ಒಂದೇ ಕಾಯಿಲ್ (ಸುತ್ತಿದ ಕೇಬಲ್) ಸಾಲದು ಎಂದು ಗೊತ್ತಾಯಿತು. ಮೇಲೆ-ಕೆಳಗಿನದಕ್ಕೆ ಒಂದು, ಉದ್ದದ ದಿಕ್ಕಿಗೆ ಒಂದು, ಅಡ್ಡ ದಿಕ್ಕಿಗೆ ಒಂದು, ಮುಂತುದಿಗೂ ಹಿಂತುದಿಗೂ ಬೇರೆ ಬೇರೆ. ಇಂದಿನ ಯುದ್ಧನೌಕೆಗಳಲ್ಲೂ ಮೂಲ ವಿನ್ಯಾಸ ಇದೇ. ಆಗ ಹಡಗು ಒಂದು ಕಾಂತ ವಲಯದಿಂದ ಇನ್ನೊಂದಕ್ಕೆ ಹೋದಾಗ ಕೈಯಿಂದಲೇ ಕರೆಂಟು ಬದಲಿಸಬೇಕಿತ್ತು. ಈಗ ಹಡಗಿನ ಮೇಲಿನ ಮ್ಯಾಗ್ನೆಟೊಮೀಟರ್ (ಕಾಂತಕ್ಷೇತ್ರ ಅಳೆಯುವ ಸಾಧನ) ನೋಡಿಕೊಂಡು ಕಂಪ್ಯೂಟರ್ ಅದನ್ನು ಮಾಡುತ್ತದೆ. 2008ರಲ್ಲಿ ಅಮೆರಿಕದ ಹಿಗ್ಗಿನ್ಸ್ ಎಂಬ ಡಿಸ್ಟ್ರಾಯರ್ ಮೇಲೆ ಸೂಪರ್‌ಕಂಡಕ್ಟರ್ ಕೇಬಲ್, ಅಂದರೆ ತೀರಾ ತಣ್ಣಗಿಟ್ಟಾಗ ಕರೆಂಟಿಗೆ ತಡೆಯೇ ಒಡ್ಡದ ಕೇಬಲ್, ಹಾಕಿ ನೋಡಿದರು. ತಾಮ್ರದ ಭಾರ ಕಡಿಮೆ ಮಾಡಬೇಕೆಂಬ ಹಳೆಯ ತಲೆನೋವಿಗೇ ಹೊಸ ಮದ್ದು ಅದು.

ಕಾಯಿಲ್‌ನಿಂದ ಇನ್ನೊಂದು ಕಿರಿಕಿರಿಯೂ ಇತ್ತು. ಹಡಗಿನ ಸ್ವಂತ ದಿಕ್ಸೂಚಿ ಕೆಟ್ಟುಹೋಗುತ್ತಿತ್ತು. ಮೈನ್‌ನ ಸೂಜಿಗೆ ಮೋಸ ಮಾಡುವ ಕರೆಂಟು ನಮ್ಮ ಸೂಜಿಯನ್ನು ಬಿಟ್ಟೀತೇ? ದಿಕ್ಸೂಚಿಯ ಸುತ್ತ ಬೇರೆ ಪುಟ್ಟ ಕಾಯಿಲ್ ಇಟ್ಟು ಸರಿದೂಗಿಸಬೇಕಾಯಿತು.

1940ರ ಮಾರ್ಚ್‌ನಲ್ಲಿ ಕ್ವೀನ್ ಎಲಿಜಬೆತ್ ಎಂಬ ಬೃಹತ್ ಹಡಗು ಗುಟ್ಟಾಗಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಸೇರಿದಾಗ ಅದಕ್ಕೂ ಇಂಥ ಕಾಯಿಲ್ ಸುತ್ತಲಾಗಿತ್ತು.

ಉಜ್ಜುವುದು

ದೊಡ್ಡ ಹಡಗಿಗೆ ಸರಿ. ಆದರೆ ಕಲ್ಲಿದ್ದಲು ಸಾಗಿಸುವ ಸಣ್ಣ ಹಡಗುಗಳಿಗೆ, ಮೀನು ದೋಣಿಗಳಿಗೆ, ಟಗ್‌ಗಳಿಗೆ? ಅಷ್ಟು ಕೇಬಲ್ ಎಲ್ಲಿಂದ ತರುವುದು? ಎಷ್ಟು ದಿನ ಅವನ್ನು ಕಟ್ಟೆಯಲ್ಲಿ ನಿಲ್ಲಿಸುವುದು?

ಗುಡೀವ್ ಕಂಡುಕೊಂಡ ಎರಡನೇ ದಾರಿಗೆ ವೈಪಿಂಗ್ ಎನ್ನುತ್ತಿದ್ದರು. ಕೇಬಲ್ ಹಡಗಿನ ಮೇಲೆ ಇರುವುದೇ ಬೇಡ. ಬಂದರಿನಲ್ಲೇ ಒಂದು ದಪ್ಪ ಕೇಬಲ್ ಇಟ್ಟುಕೊಂಡು, ಅದನ್ನು ಹಡಗಿನ ಪಕ್ಕಕ್ಕೆ ಅಡ್ಡಲಾಗಿ ತಾಗಿಸಿ, ಸುಮಾರು 2000 ಆಂಪಿಯರ್ ಕರೆಂಟು ಹರಿಸುತ್ತಾ ಉಕ್ಕಿಗೆ ಉಜ್ಜಿದಂತೆ ಎಳೆಯುವುದು. ಮುಗಿದ ಮೇಲೆ ಕೇಬಲ್ ತೆಗೆದು ಮುಂದಿನ ಹಡಗಿಗೆ.

ಇಲ್ಲಿ ಬಹಳ ಜನ ಒಂದು ವಿಷಯ ತಪ್ಪು ತಿಳಿಯುತ್ತಾರೆ. ಉಜ್ಜಿದರೆ ಕಾಂತತ್ವ ಅಳಿಸಿಹೋಗುತ್ತದೆ ಎಂದುಕೊಳ್ಳುತ್ತಾರೆ. ಅಳಿಸಿದ್ದರೆ ಪ್ರಯೋಜನವೇ ಇರುತ್ತಿರಲಿಲ್ಲ! ಹಿಡಿದಿಟ್ಟ ಕಾಂತತ್ವ ಪೂರ್ತಿ ಸೊನ್ನೆಯಾದರೂ ಭೂಮಿ ಆಗಿಂದಾಗ್ಗೆ ಹುಟ್ಟಿಸುವ ಕಾಂತತ್ವ ಹಾಗೇ ಇರುತ್ತದೆ, ಸೂಜಿ ಅದಕ್ಕೂ ವಾಲುತ್ತದೆ. ಹಾಗಾಗಿ ವೈಪಿಂಗ್ ಮಾಡಿದ್ದು ಬೇರೆ ಕೆಲಸ. ಉತ್ತರ ಧ್ರುವ ಮೇಲೆ ಇರುವ ಒಂದು ಉಲ್ಟಾ ಗುರುತನ್ನು ಉಕ್ಕಿನಲ್ಲಿ ಬೇಕೆಂದೇ ಕೂರಿಸಿದ್ದು. ತಕ್ಕಡಿಯ ಒಂದು ತಟ್ಟೆಯಲ್ಲಿರುವ ಭಾರ ಎತ್ತಲು ಆಗದಿದ್ದರೆ ಇನ್ನೊಂದು ತಟ್ಟೆಗೂ ಅಷ್ಟೇ ಹಾಕುತ್ತೇವಲ್ಲ, ಹಾಗೆ. ಮುಳ್ಳು ನಡುವೆ ನಿಂತರೆ ಸಾಕು.

ಈ ಉಲ್ಟಾ ಗುರುತು ಎಷ್ಟು ದಿನ ಇರುತ್ತದೆ? ಅಲೆಯ ಹೊಡೆತಕ್ಕೆ, ಎಂಜಿನ್ನಿನ ಅದುರಾಟಕ್ಕೆ ಬೇಗ ಮಾಸಿಹೋಗಬಹುದು ಎಂದು ಮೊದಲು ಹೆದರಿದ್ದರು. ಪರೀಕ್ಷಿಸಿದಾಗ ಅದು ಅಷ್ಟು ದೊಡ್ಡ ತೊಂದರೆ ಅಲ್ಲ ಎಂದು ತಿಳಿಯಿತು. ನಿಜವಾದ ತೊಂದರೆ ಭೂಮಿ. ಹಡಗು ಒಂದೇ ದಿಕ್ಕಿಗೆ ಬಹಳ ಹೊತ್ತು ಹೋದರೆ ಭೂಮಿಯ ಕ್ಷೇತ್ರ ನಿಧಾನವಾಗಿ ತನ್ನ ಗುರುತನ್ನು ಮತ್ತೆ ಒತ್ತುತ್ತದೆ. ಅದಕ್ಕೆ ಆಗಾಗ ದಿಕ್ಕು ಬದಲಿಸುತ್ತಾ ಹೋಗಿ ಎಂದು ಕ್ಯಾಪ್ಟನ್‌ಗಳಿಗೆ ಸೂಚನೆ ಹೋಯಿತು. ಆದರೂ ನಿಗದಿತ ಅವಧಿಗೊಮ್ಮೆ ಬಂದು ಮತ್ತೆ ಉಜ್ಜಿಸಿಕೊಳ್ಳಲೇಬೇಕಿತ್ತು.

ಇನ್ನೊಂದು ಮಿತಿಯೂ ಇತ್ತು. ಕಾಯಿಲ್ ಇದ್ದರೆ ದಕ್ಷಿಣ ಗೋಳಾರ್ಧದಲ್ಲಿ ಕರೆಂಟು ತಿರುಗಿಸಿದರೆ ಆಯಿತು. ಉಜ್ಜಿದ ಹಡಗಿಗೆ ಅದು ಆಗದು. ಬ್ರಿಟನ್ನಿನ ನೀರಿಗೆಂದು ಕೂರಿಸಿದ ಉಲ್ಟಾ ಗುರುತು ಸಮಭಾಜಕದ ಆಚೆ ಭೂಮಿಯ ಪ್ರಭಾವದ ಜೊತೆಗೇ ಸೇರಿಕೊಂಡು ಹಡಗನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ.

ಇಷ್ಟೆಲ್ಲ ಕೊರತೆ ಇದ್ದರೂ ವೈಪಿಂಗ್ ಬೇಗ ಆಗುತ್ತಿತ್ತು. ಆ ಹೊತ್ತಿಗೆ ಬೇಕಾಗಿದ್ದದ್ದು ಅದೇ. 1940ರ ಮೇ ಕೊನೆಯಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತರಬೇಕಾದಾಗ ನಾಲ್ಕು ದಿನಗಳಲ್ಲಿ 400 ಹಡಗುಗಳನ್ನು ಉಜ್ಜಿ ಕಳಿಸಿದರು. ಕಾಯಿಲ್ ಒಂದನ್ನೇ ನಂಬಿ ಕೂತಿದ್ದರೆ ಇದು ಕನಸಿನ ಮಾತು. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಕಾಯಿಲ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಕರಣವನ್ನು ಗೆದ್ದುಕೊಟ್ಟದ್ದು ಕಾಯಿಲ್ ಅಲ್ಲ, ವೈಪಿಂಗ್ ಎಂದೇ ನನ್ನ ಅಭಿಪ್ರಾಯ.

ಮೈನ್‌ಗಳನ್ನು ಬೇಕೆಂದೇ ಸಿಡಿಸುವ ಕೆಲಸವೂ ಜೊತೆಗೆ ನಡೆದಿತ್ತು. ವೆಲಿಂಗ್‌ಟನ್ ವಿಮಾನಕ್ಕೆ ದೊಡ್ಡ ಬಳೆಯಂಥ ಕಾಯಿಲ್ ಕಟ್ಟಿ ನೀರಿನ ಮೇಲೆ ತೀರಾ ಕೆಳಗೆ ಹಾರಿಸಿದರು. ಎರಡು ಹಡಗುಗಳು ಜೋಡಿಯಾಗಿ ತೇಲುವ ಕೇಬಲ್ ಎಳೆಯುತ್ತಾ ಸಮುದ್ರದ ನೀರಿನಲ್ಲೇ ಕರೆಂಟಿನ ಪಲ್ಸ್ ಹರಿಸುವ ವಿಧಾನವೂ ಬಂತು. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ಎದುರಾಳಿ ಸುಮ್ಮನಿರಲಿಲ್ಲ

ಡಿಗಾಸಿಂಗ್ ಆದ ಹಡಗಿಗೆ ಮೈನ್ ಭಯವೇ ಇಲ್ಲ ಎಂದೇನಲ್ಲ. ಹಡಗಿನ ಕ್ಷೇತ್ರ ದೂರ ಹೋದಷ್ಟೂ ಬೇಗ ಕುಸಿಯುತ್ತದೆ. ಡಿಗಾಸಿಂಗ್ ಮಾಡುವುದು ಇಷ್ಟೇ: ಮೊದಲು ಆಳದ ನೀರಿನಲ್ಲೂ ಅಪಾಯ ಇದ್ದದ್ದು ಈಗ ಕಡಿಮೆ ಆಳದಲ್ಲಿ ಮಾತ್ರ ಉಳಿಯುತ್ತದೆ. ತೀರಾ ಕಡಿಮೆ ನೀರಿನಲ್ಲಿ, ನೇರ ಮೇಲೆ ಹೋದರೆ, ಉಳಿದ ಚೂರು ಕ್ಷೇತ್ರಕ್ಕೂ ಸೂಜಿ ವಾಲಬಹುದು.

ಜರ್ಮನರೂ ಮೈನ್ ಬದಲಿಸುತ್ತಾ ಹೋದರು. ಧ್ರುವ ತಿರುಗಿಸಿದ ಮೈನ್ ತಂದರು. ಅತಿಯಾಗಿ ಉಜ್ಜಿದ ಹಡಗು ಅದಕ್ಕೆ ಸಿಕ್ಕಿಬೀಳುತ್ತದೆ. ಮೊದಲ ಕೆಲವು ಹಡಗು ಹೋಗಲು ಬಿಟ್ಟು ಆಮೇಲೆ ಸಿಡಿಯುವ ಎಣಿಕೆ ಯಂತ್ರ ಸೇರಿಸಿದರು. 1940ರಲ್ಲೇ ಸದ್ದಿಗೆ ಸಿಡಿಯುವ ಮೈನ್ ಬಂತು, 1944ರಲ್ಲಿ ನೀರಿನ ಒತ್ತಡ ನೋಡುವ ಮೈನ್. ಹಡಗಿನ ಕಾಂತತ್ವ ಎಷ್ಟೇ ಇಳಿಸಿದರೂ ಇವೆರಡಕ್ಕೆ ಅದು ಲೆಕ್ಕಕ್ಕಿಲ್ಲ.

ಮುಂದೆ ಉಕ್ಕನ್ನೇ ಬಿಟ್ಟರು. ಮೈನ್ ಗುಡಿಸುವ ಹಡಗುಗಳನ್ನು ಮರದಲ್ಲಿ ಕಟ್ಟಿದರು. ಆಮೇಲೆ ಗಾಜಿನ ನಾರಿನ ಪ್ಲಾಸ್ಟಿಕ್ ಬಂತು. 1973ರಲ್ಲಿ ಸೇವೆಗೆ ಬಂದ ಬ್ರಿಟಿಷ್ ಹಡಗು ವಿಲ್ಟನ್ ಈ ಬಗೆಯ ಮೊದಲ ಯುದ್ಧನೌಕೆ.

ಜಲಾಂತರ್ಗಾಮಿಗಳಿಗೆ ಇಂದಿಗೂ ಮಾಡುವ ಇನ್ನೊಂದು ಕ್ರಮವಿದೆ, ಡಿಪರ್ಮಿಂಗ್. ಹಡಗಿನ ಹೊರಮೈಗೆ, ಮೂತಿಯಿಂದ ಬಾಲದವರೆಗೆ, ಸ್ಪ್ರಿಂಗಿನ ಹಾಗೆ ಕೇಬಲ್ ಸುತ್ತುತ್ತಾರೆ. ಮೊದಲು ಭಾರಿ ಪಲ್ಸ್ ಒಂದು ದಿಕ್ಕಿಗೆ. ಆಮೇಲೆ ಸ್ವಲ್ಪ ಕಡಿಮೆ ಪಲ್ಸ್ ಎದುರು ದಿಕ್ಕಿಗೆ. ಮತ್ತೆ ಇನ್ನೂ ಕಡಿಮೆ, ಮೊದಲಿನ ದಿಕ್ಕಿಗೆ. ಹೀಗೆ ಅತ್ತ ಇತ್ತ ಮಾಡುತ್ತಾ ಸೊನ್ನೆಯತ್ತ ಇಳಿಸುತ್ತಾರೆ. ಉಕ್ಕಿನ ಹಳೆಯ ಗುರುತು ಈ ಎಳೆದಾಟದಲ್ಲಿ ಕರಗುತ್ತದೆ. ಇದು ಮಾತ್ರ ಅಳಿಸುವುದಕ್ಕೆ ಹತ್ತಿರದ ಕೆಲಸ. ಹಳೆಯ ಟಿವಿ, ಮಾನಿಟರ್ ಆನ್ ಮಾಡಿದಾಗ ‘ಡುಂ’ ಎಂದು ಬರುತ್ತಿದ್ದ ಸದ್ದು ನೆನಪಿದೆಯಾ? ಪರದೆಯ ಹಿಂದಿನ ಲೋಹದ ಜಾಲರಿಗೆ ಅದು ಇದೇ ಚಿಕಿತ್ಸೆ ಮಾಡುತ್ತಿತ್ತು.

ಹಾರ್ಡ್ ಡಿಸ್ಕ್‌ಗೆ ಬಂದರೆ

ಇದೇ ಡಿಗಾಸಿಂಗ್ ಎಂಬ ಹೆಸರಿನ ಯಂತ್ರಗಳು ಈಗ ಡೇಟಾ ಸೆಂಟರ್‌ಗಳಲ್ಲಿ ಇವೆ. ಹಳೆಯ ಹಾರ್ಡ್ ಡಿಸ್ಕ್, ಟೇಪ್ ಎಸೆಯುವ ಮುನ್ನ ಇದರೊಳಗೆ ಹಾಕಿ ತೆಗೆಯುತ್ತಾರೆ. ಹೆಸರು ಒಂದೇ ಆದರೂ ಗುರಿ ಬೇರೆ. ಹಡಗಿನಲ್ಲಿ ಉಕ್ಕಿನ ಗುರುತು ಉಳಿದಿದ್ದರೂ ಅಡ್ಡಿಯಿಲ್ಲ, ಹೊರಗೆ ಕಾಣದಿದ್ದರೆ ಸಾಕು. ಡಿಸ್ಕ್‌ನಲ್ಲಿ ಗುರುತೇ ಉಳಿಯಬಾರದು. ಎದುರು ಕ್ಷೇತ್ರ ಇಟ್ಟು ಮರೆಮಾಡುವ ಆಟ ಇಲ್ಲಿ ನಡೆಯದು, ಏಕೆಂದರೆ ಓದುವವನು ಡಿಸ್ಕನ್ನು ಕೈಗೆ ತೆಗೆದುಕೊಂಡು ಬಿಚ್ಚಿ ಹತ್ತಿರದಿಂದಲೇ ನೋಡಬಲ್ಲ.

ಬಲದ ಲೆಕ್ಕವೂ ಬೇರೆ. ಕಾಂತಕ್ಷೇತ್ರವನ್ನು ಅಳೆಯುವ ಒಂದು ಮಾನ ಗಾಸ್; ಭೂಮಿಯ ಕ್ಷೇತ್ರ ಸುಮಾರು ಅರ್ಧ ಗಾಸ್. ಹಡಗಿನ ಉಕ್ಕು ಮೆದು, ಪೆಟ್ಟು ಅದುರಾಟ ಸೇರಿದರೆ ಅಷ್ಟಕ್ಕೇ ಬಗ್ಗುತ್ತದೆ. ಡಿಸ್ಕ್‌ನ ಪದರವನ್ನು ಹಾಗೆ ಬಗ್ಗಬಾರದು ಎಂದೇ ಮಾಡಿರುತ್ತಾರೆ. ಈಚಿನ ಡಿಸ್ಕ್‌ಗಳಲ್ಲಿ ಒಂದು ಬಿಟ್ ತಿರುಗಿಸಲು ಸುಮಾರು 5000 ಗಾಸ್‌ನಷ್ಟು ಕ್ಷೇತ್ರ ಬೇಕು, ಭೂಮಿಯದ್ದಕ್ಕಿಂತ ಹತ್ತು ಸಾವಿರ ಪಟ್ಟು. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತಂದು ಡಿಸ್ಕ್ ಮೇಲೆ ಉಜ್ಜಿದರೆ ಏನೂ ಆಗುವುದಿಲ್ಲ. ಡಿಗಾಸ್ ಯಂತ್ರ ಡಿಸ್ಕ್‌ನ ಈ ತಡೆಯನ್ನು ಬಹಳಷ್ಟು ಮೀರಿದ ಕ್ಷೇತ್ರ ಕೊಡಬೇಕು. ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಶಕ್ತಿ ತುಂಬಿಸಿ, ಕಾಯಿಲ್‌ನೊಳಕ್ಕೆ ಒಂದೇ ಸಲ ಬಿಡುವ ಯಂತ್ರಗಳು ಇದಕ್ಕಾಗಿಯೇ ಇವೆ. ಹತ್ತು ವರ್ಷದ ಹಿಂದೆ ಕೊಂಡ ಯಂತ್ರ ಇಂದಿನ ಡಿಸ್ಕ್‌ಗೆ ಸಾಕಾಗುತ್ತದೆ ಎಂದು ಸುಮ್ನೆ ನಂಬಿಕೊಳ್ಳುವಂತಿಲ್ಲ. ಬಿಸಿ ಮಾಡಿ ಬರೆಯುವ ಹೊಸ ತಂತ್ರದ ಡಿಸ್ಕ್‌ಗಳ ಪದರ ಇನ್ನೂ ಮೊಂಡು. ಮೈನ್‌ನ ಸೂಜಿ ಬದಲಾದಾಗ ಹಡಗಿನ ಲೆಕ್ಕವೂ ಬದಲಾದಂತೆ ಇಲ್ಲೂ ವಸ್ತು ಬದಲಾದರೆ ಲೆಕ್ಕ ಬದಲಾಗುತ್ತದೆ.

ಡಿಗಾಸ್ ಮಾಡಿದ ಹಾರ್ಡ್ ಡಿಸ್ಕ್ ಮತ್ತೆ ಬಳಕೆಗೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಪ್ಲೇಟಿನ ಮೇಲೆ ಸರ್ವೊ ಗುರುತುಗಳನ್ನು ಬರೆದಿರುತ್ತಾರೆ, ಓದಿ ಬರೆಯುವ ಹೆಡ್ ತಾನು ಎಲ್ಲಿದ್ದೇನೆ ಎಂದು ತಿಳಿಯುವುದು ಅವುಗಳಿಂದ. ಡೇಟಾ ಜೊತೆ ಅವೂ ಅಳಿಸಿಹೋಗುತ್ತವೆ. ಆಮೇಲೆ ಡಿಸ್ಕ್ ಆನ್ ಮಾಡಿದರೆ ಹೆಡ್ ದಾರಿ ಹುಡುಕುತ್ತಾ ಟಕ್ ಟಕ್ ಎನ್ನುತ್ತದೆ, ಅಷ್ಟೇ. ಡೇಟಾ ಕಾಪಿಡಲು ಬಳಸುವ ಎಲ್‌ಟಿಒ ಟೇಪ್‌ಗಳಿಗೂ ಇದೇ ಗತಿ. ಸರ್ವೊ ಗುರುತು ಇಲ್ಲದ ಹಳೆಯ ಆಡಿಯೊ ಟೇಪ್ ಮಾತ್ರ ಅಳಿಸಿ ಮತ್ತೆ ಬಳಸಬಹುದಿತ್ತು.

ಇದರಿಂದ ಒಂದು ಪೇಚು ಹುಟ್ಟುತ್ತದೆ. ಹಡಗನ್ನು ಉಜ್ಜಿದ ಮೇಲೆ ತಳದಲ್ಲಿ ಅಳತೆ ಸಾಧನ ಇಟ್ಟ ದಾರಿಯ ಮೇಲೆ ನಡೆಸಿ ಫಲಿತಾಂಶ ನೋಡಬಹುದಿತ್ತು. ಸಾಲದಿದ್ದರೆ ಮತ್ತೆ ಉಜ್ಜಬಹುದಿತ್ತು. ಡಿಸ್ಕ್‌ನಲ್ಲಿ ಅಳಿಸಿದ್ದು ಸರಿಯಾಯಿತಾ ಎಂದು ಡಿಸ್ಕನ್ನೇ ಕೇಳುವಂತಿಲ್ಲ, ಅದು ಮಾತನಾಡುವುದನ್ನೇ ನಿಲ್ಲಿಸಿರುತ್ತದೆ. ಡಿಸ್ಕ್ ಓಡುತ್ತಿಲ್ಲ ಎಂಬುದನ್ನೇ ಡೇಟಾ ಹೋಗಿದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಅಪಾಯ. ಸರ್ವೊ ಹಾಳಾಗುವಷ್ಟು ಮಾತ್ರ ಕ್ಷೇತ್ರ ಬಿದ್ದು, ಡೇಟಾ ಅಲ್ಲಲ್ಲಿ ಉಳಿದಿದ್ದರೂ ಡಿಸ್ಕ್ ಹೀಗೇ ಸತ್ತಂತೆ ಕಾಣುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಯಂತ್ರವನ್ನು. ಅದು ಪ್ರತಿ ಸಲ ಎಷ್ಟು ಕ್ಷೇತ್ರ ಕೊಟ್ಟಿತು ಎಂಬ ದಾಖಲೆ ಇರಬೇಕು. ಆ ಕ್ಷೇತ್ರ ಆ ಮಾದರಿಯ ಡಿಸ್ಕ್‌ಗೆ ಸಾಕೇ ಎಂದು ಹೋಲಿಸಿ ನೋಡಬೇಕು. ಡೇಟಾ ಅಳಿಸುವ ಬಗ್ಗೆ ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಮಾರ್ಗಸೂಚಿಯೂ ಮಾಧ್ಯಮಕ್ಕೆ ತಕ್ಕ ಬಲದ ಯಂತ್ರ ಬೇಕು ಎಂದೇ ಹೇಳುತ್ತದೆ. ಗುಟ್ಟಿನ ಡೇಟಾ ಇರುವ ಕಡೆ ಡಿಗಾಸ್ ಆದ ಮೇಲೂ ಪ್ಲೇಟುಗಳನ್ನು ಪುಡಿ ಮಾಡುವುದು ಇದೇ ಅನುಮಾನಕ್ಕೆ.

ಎಸ್‌ಎಸ್‌ಡಿ, ಪೆನ್ ಡ್ರೈವ್, ಫೋನಿನ ಮೆಮೊರಿಗಳಲ್ಲಿ ಡೇಟಾ ಇರುವುದು ವಿದ್ಯುದಾವೇಶದ ರೂಪದಲ್ಲಿ, ಕಾಂತತ್ವದಲ್ಲಿ ಅಲ್ಲ. ಕಾಂತ ಮೈನ್‌ಗೆಂದು ಉಜ್ಜಿದ ಹಡಗು ಸದ್ದಿನ ಮೈನ್ ಮೇಲೆ ಹೋದ ಹಾಗೆಯೇ ಇವು ಡಿಗಾಸ್ ಯಂತ್ರದೊಳಗೆ ಹೋಗಿ ಬರುತ್ತವೆ: ಆ ಚಿಕಿತ್ಸೆ ಲೆಕ್ಕಕ್ಕೇ ಬರುವುದಿಲ್ಲ, ಡೇಟಾ ಹಾಗೇ ಇರುತ್ತದೆ. ಹಾರ್ಡ್ ಡಿಸ್ಕ್ ಜೊತೆ ಫ್ಲ್ಯಾಶ್ ಚಿಪ್ ಕೂಡ ಇರುವ ಹೈಬ್ರಿಡ್ ಡ್ರೈವ್‌ಗಳಲ್ಲಿ ಪ್ಲೇಟು ಅಳಿಸಿದರೂ ಚಿಪ್‌ನಲ್ಲಿ ಡೇಟಾ ಉಳಿಯುತ್ತದೆ. ಎಸೆಯುವ ರಾಶಿ ಬಂದಾಗ ಮೊದಲು ಲೇಬಲ್ ಓದಿ ಇವನ್ನು ಬೇರೆ ಮಾಡಿ. ಇವಕ್ಕೆ ಬೇಕಾದದ್ದು, ಡೇಟಾ ಗೂಢಲಿಪಿಯಲ್ಲಿದ್ದರೆ ಅದನ್ನು ಓದಿಸುವ ಎನ್‌ಕ್ರಿಪ್ಷನ್ ಕೀ ಅಳಿಸುವುದು ಅಥವಾ ಚಿಪ್ಪನ್ನೇ ಪುಡಿ ಮಾಡುವುದು.